ಇಲ್ಲದ ಭಾಷೆಯ ಹೆಸರಿಗೂ ಅರ್ಥ ಇರುತ್ತಾ?

ಪ್ರಶ್ನೆ: ಟೋಲ್ಕೀನ್ ಅವರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಓದಿ ಮುಗಿಸಿದ ಮೇಲೆ ಅದರ ಹೆಸರುಗಳ ಹುಚ್ಚು ಹಿಡಿದಿದೆ. ಗಲಾದ್ರಿಯೆಲ್ ಎಂದರೆ ಒಂದು ಪಟ್ಟಿಯಲ್ಲಿ ‘ಮರಗಳ ಒಡತಿ’ ಅಂತಿದೆ, ಇನ್ನೊಂದರಲ್ಲಿ ‘ಹೊಳೆಯುವ ಮಾಲೆ ಮುಡಿದವಳು’ ಅಂತಿದೆ. ಯಾವುದು ಸರಿ? ಯಾರೂ ಆಡದ ಭಾಷೆಯ ಹೆಸರಿಗೆ ಸರಿ, ತಪ್ಪು ಅಂತ ಇರುತ್ತಾ? ಅಥವಾ ಕಿವಿಗೆ ಚೆನ್ನಾಗಿದೆ ಅಂತ ಸುಮ್ನೆ ಇಟ್ಟಿದ್ದಾ? ನನ್ನ ಹೆಸರು ಆ ಕಥೆಯ ಎಲ್ಫ್ ಜನಾಂಗದ ಮಾತಾದ ಎಲ್ವಿಶ್‌ನಲ್ಲಿ ಏನಾಗುತ್ತದೆ? ನಾನೂ ಒಂದು ಕಥೆ ಬರೆಯುತ್ತಿದ್ದೇನೆ. ಹೆಸರು ಕಟ್ಟುವುದನ್ನು ಎಲ್ಲಿಂದ ಶುರು ಮಾಡಲಿ? — ತಾರಾ

ಉತ್ತರ: ತಾರಾ ಅವರೇ, ಮೊದಲು ಗಲಾದ್ರಿಯೆಲ್ ವಿಷಯ ಮುಗಿಸೋಣ. ಎರಡನೆಯ ಅರ್ಥ ಸರಿ, ಮೊದಲನೆಯದು ತಪ್ಪು. ಆದರೆ ಅದು ಪಟ್ಟಿ ಮಾಡಿದವರ ತಪ್ಪಲ್ಲ. ಕಥೆಯೊಳಗಿನ ಜನರೇ ಮಾಡಿದ ತಪ್ಪು. ಅವರ ಕೈಲಿ ಅದನ್ನು ಬೇಕಂತಲೇ ಮಾಡಿಸಿದವರು ಟೋಲ್ಕೀನ್.

ಎಲ್ಫ್‌ಗಳ ಹಳೆಯ ಭಾಷೆಯಾದ ಕ್ವೆನ್ಯಾದಲ್ಲಿ ‘ಅಲತ’ ಎಂದರೆ ಹೊಳಪು. ಅವರ ಆಡುಮಾತಾದ ಸಿಂಡರಿನ್‌ನಲ್ಲಿ ಅದೇ ಮಾತು ‘ಗಲದ್’ ಆಗುತ್ತದೆ. ‘ರಿಯೆಲ್’ ಎಂದರೆ ಮಾಲೆ ಮುಡಿದ ಹುಡುಗಿ. ಎರಡೂ ಸೇರಿ ಹೊಳೆಯುವ ಮಾಲೆ ಮುಡಿದವಳು. ಇಲ್ಲಿ ಮಾಲೆ ಅಂದರೆ ಹೂವಲ್ಲ, ಆಕೆಯ ಬಂಗಾರದ ಕೂದಲು. ಇನ್ನು ಮರಕ್ಕೆ ಸಿಂಡರಿನ್‌ನಲ್ಲಿ ‘ಗಲಧ್’ ಅನ್ನುತ್ತಾರೆ. ಇದರ ಕೊನೆಯ ಸದ್ದು ನಮ್ಮ ಧ ಅಲ್ಲ. ನಾಲಿಗೆಯ ತುದಿಯನ್ನು ಹಲ್ಲಿನ ನಡುವೆ ಇಟ್ಟು ಗಾಳಿ ಬಿಟ್ಟು ಹೇಳುವ ದ. ಕನ್ನಡದಲ್ಲಿ ಅದಕ್ಕೆ ಅಕ್ಷರವಿಲ್ಲ. ಆಕೆ ಇದ್ದದ್ದು ಕಾಡಿನ ರಾಜ್ಯದಲ್ಲಿ. ಊರಿನ ಹೆಸರೇ ಕರಸ್ ಗಲಧೋನ್, ಅದರಲ್ಲೂ ಮರ ಇದೆ. ದೂರದವರು ಕೇಳಿದಾಗ ಏನಂದುಕೊಳ್ಳುತ್ತಾರೆ? ಕಾಡಿನ ರಾಣಿ, ಹೆಸರಿನಲ್ಲಿ ಮರ, ಸರಿಹೋಯಿತಲ್ಲ ಅಂತ ‘ಗಲಧ್ರಿಯೆಲ್’ ಎಂದೇ ಕರೆಯತೊಡಗಿದರು. ನಿಮ್ಮ ಮೊದಲ ಪಟ್ಟಿಯಲ್ಲಿರುವುದು ಆ ಜನರ ಊಹೆ.

ಜನರು ಹೆಸರಿಗೆ ಹೀಗೆ ತಪ್ಪು ಅರ್ಥ ಹಚ್ಚುವುದು ನಿಜವಾದ ಭಾಷೆಗಳಲ್ಲಿ ದಿನವೂ ನಡೆಯುತ್ತದೆ. ಆ ತಪ್ಪನ್ನೂ ಕಟ್ಟಿಕೊಡುವ ಲೇಖಕರು ತೀರಾ ಕಡಿಮೆ. ಟೋಲ್ಕೀನ್ ವೃತ್ತಿಯಿಂದಲೇ ಭಾಷಾ ವಿದ್ವಾಂಸರು. 1919ರಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿಗೆ ಪದಗಳ ಮೂಲ ಹುಡುಕುವ ಕೆಲಸ ಮಾಡಿದರು, ಆಮೇಲೆ ಲೀಡ್ಸ್‌ನಲ್ಲಿ, ಆಕ್ಸ್‌ಫರ್ಡ್‌ನಲ್ಲಿ ಪಾಠ ಹೇಳಿದರು. ಪದಗಳು ಹೇಗೆ ಸವೆಯುತ್ತವೆ, ಹೇಗೆ ದಾರಿ ತಪ್ಪುತ್ತವೆ ಅನ್ನುವುದು ಅವರಿಗೆ ಬಾಯಿಪಾಠ.

ಈಗ ನಿಮ್ಮ ದೊಡ್ಡ ಪ್ರಶ್ನೆ. ಕಟ್ಟಿದ ಭಾಷೆಯ ಹೆಸರಿಗೆ ಮೂಲ ಒಂದಲ್ಲ, ಎರಡು. ಒಂದು ಕಥೆಯ ಒಳಗಿನದು: ಆ ಲೋಕದ ಭಾಷೆಯಲ್ಲಿ ಯಾವ ಪದಕ್ಕೆ ಯಾವ ಪದ ಸೇರಿ ಈ ಹೆಸರಾಯಿತು ಅನ್ನುವುದು. ಇನ್ನೊಂದು ಹೊರಗಿನದು: ಲೇಖಕರ ತಲೆಗೆ ಆ ಸದ್ದು ಎಲ್ಲಿಂದ ಬಂತು ಅನ್ನುವುದು. ಇವೆರಡನ್ನು ಕಲಸಿಬಿಟ್ಟರೆ ಜಗಳ ಮುಗಿಯುವುದೇ ಇಲ್ಲ. ‘ಮೂಲ ಇದು’ ಅಂತ ಯಾರಾದರೂ ಹೇಳಿದರೆ, ಒಳಗಿನದೋ ಹೊರಗಿನದೋ ಅಂತ ಕೇಳಿ. ಅರ್ಧ ಗೊಂದಲ ಅಲ್ಲೇ ಇಳಿಯುತ್ತದೆ.

ರೋಹನ್ ನೋಡಿ, ಕುದುರೆ ಸವಾರರ ನಾಡು. ಸಿಂಡರಿನ್‌ನಲ್ಲಿ ‘ರೊಖ್’ ಎಂದರೆ ಕುದುರೆ. ‘ರೊಖಂದ್’ ಎಂದರೆ ಕುದುರೆಗಳ ನಾಡು. ಅದು ಸವೆದು ರೋಹನ್ ಆಯಿತು. ಇದು ಒಳಗಿನ ಮೂಲ. ಆದರೆ ಫ್ರಾನ್ಸಿನ ಬ್ರಿಟನಿಯಲ್ಲಿ ರೋಹನ್ ಅನ್ನುವ ಹಳೆಯ ದೊಡ್ಡ ಮನೆತನ ಒಂದಿದೆ. ಓದುಗರೊಬ್ಬರು ಇಂಥ ಹೆಸರುಗಳ ಬಗ್ಗೆ ಕೇಳಿದ್ದಕ್ಕೆ ಟೋಲ್ಕೀನ್ 1967ರಲ್ಲಿ ಉದ್ದದ ಉತ್ತರ ಬರೆದಿಟ್ಟಿದ್ದಾರೆ. ಆ ಮನೆತನದ ಹೆಸರು ಗೊತ್ತಿತ್ತು, ಅದರ ಆಕಾರ ಇಷ್ಟವೂ ಆಗಿತ್ತು ಅಂತ ಒಪ್ಪಿಕೊಳ್ಳುತ್ತಾರೆ. ಆದರೆ ಕುದುರೆಯ ಪದವನ್ನು ಅದಕ್ಕೂ ಮೊದಲೇ ಕಟ್ಟಿ ಆಗಿತ್ತು, ಅದು ಸವೆದರೆ ರೋಹನ್ ಆಗಬಲ್ಲದು ಅಂತ ಕಂಡಿತು, ಕೂರಿಸಿದೆ ಅನ್ನುತ್ತಾರೆ. ಬ್ರಿಟನಿಯ ಚರಿತ್ರೆಗೂ ಕಥೆಗೂ ಏನೂ ಸಂಬಂಧವಿಲ್ಲ. ನಮ್ಮ ನಡುವೆ ಓಡಾಡುವ ರೋಹನ್‌ಗಳಿಗಂತೂ ಇಲ್ಲವೇ ಇಲ್ಲ!

ನೆಲದಡಿಯ ನಗರವಾದ ಮೋರಿಯಾದ್ದೂ ಇದೇ ಕಥೆ. ಬೈಬಲ್ಲಿನಲ್ಲಿ ಮೋರಿಯಾ ಅನ್ನುವ ಜಾಗ ಬರುವುದರಿಂದ ಅದಕ್ಕೆ ಗಂಟು ಹಾಕುವವರು ಬಹಳ. ಟೋಲ್ಕೀನ್ ಅದನ್ನು ಚೊಕ್ಕವಾಗಿ ತಳ್ಳಿಹಾಕಿದ್ದಾರೆ. ಸದ್ದು ಬಂದದ್ದು ‘ಸೋರಿಯಾ ಮೋರಿಯಾ’ ಕೋಟೆ ಅನ್ನುವ ನಾರ್ವೆಯ ಜನಪದ ಕಥೆಯ ಹೆಸರಿನಿಂದ. ಆ ಕಥೆಯ ಮೇಲೂ ಅವರಿಗೆ ಆಸಕ್ತಿ ಇರಲಿಲ್ಲ, ಕಿವಿಗೆ ಹಿಡಿಸಿತು ಅಷ್ಟೆ. ಕಥೆಯೊಳಗೆ ಮಾತ್ರ ಅದು ‘ಮೋರ್’ ಅಂದರೆ ಕಪ್ಪು, ‘ಇಯಾ’ ಅಂದರೆ ಆಳದ ಕಂದಕ. ಕಗ್ಗತ್ತಲ ಕಂದಕ. ಕಥೆಯ ಖಳನಾಯಕ ಸೌರಾನ್ ಕೂಡ ಗ್ರೀಕಿನ ಹಲ್ಲಿಯ ಪದದಿಂದ ಬಂದವನಲ್ಲ. ‘ಅಸಹ್ಯ ಹುಟ್ಟಿಸುವವನು’ ಅಂತ ಅರ್ಥ ಬರುವ ಎಲ್ವಿಶ್ ಬೇರಿನವನು.

ಆ ‘ಮೋರ್’ ಹಿಡಿದುಕೊಂಡು ಹೊರಟರೆ ಒಂದು ಕುಟುಂಬವೇ ಸಿಗುತ್ತದೆ. ಮೋರ್ಡೋರ್ ಎಂದರೆ ಕಪ್ಪು ನಾಡು. ಆ ‘ಡೋರ್’ ಗೊಂಡೋರ್‌ನಲ್ಲೂ ಇದೆ, ‘ಗೊಂಡ್’ ಎಂದರೆ ಕಲ್ಲು, ಅದು ಕಲ್ಲಿನ ನಾಡು. ಮೊರನ್ನೋನ್ ಎಂದರೆ ಕಪ್ಪು ಬಾಗಿಲು. ಮೋರ್ಗೋಥ್ ಎಂದರೆ ಕಪ್ಪು ವೈರಿ. ಇಲ್ಲಿ ಸ್ವಲ್ಪ ನಿಲ್ಲಿ. ವೈರಿಗೆ ಇರುವ ಪದ ‘ಗೋಥ್’ ಅಲ್ಲ, ‘ಕೋಥ್’. ಮೋರ್ ಜೊತೆ ಸೇರುವಾಗ ಕ ಹೋಗಿ ಗ ಬಂದಿದೆ. ಮಳೆ, ಕಾಲ ಸೇರಿ ಮಳೆಗಾಲ ಆಗುವುದಿಲ್ಲವೇ? ಶಾಲೆಯಲ್ಲಿ ಆದೇಶ ಸಂಧಿ ಅಂತ ಉರು ಹೊಡೆದದ್ದು ಇದೇ.

ಇನ್ನೂ ಚೆಂದದ್ದು ಕೆಲೆಬ್ರಿಂಬೋರ್. ಎಲ್ಫ್‌ಗಳ ಮೂರು ಉಂಗುರ ಮಾಡಿದ ಕುಶಲಕರ್ಮಿ. ‘ಕೆಲೆಬ್ರಿನ್’ ಎಂದರೆ ಬೆಳ್ಳಿಯಂಥ, ‘ಪೌರ್’ ಎಂದರೆ ಮುಷ್ಟಿ. ಬೆಳ್ಳಿ ಮುಷ್ಟಿಯವನು. ಕೆಲೆಬ್ರಿನ್ ಕೊನೆಯ ನ್, ಪೌರ್‌ನ ಮೊದಲ ಪ ಎರಡೂ ಸೇರಿ ‘ಂಬ’ ಆಗಿವೆ. ಕಣ್, ಪನಿ ಸೇರಿ ಕಂಬನಿ ಆದ ಹಾಗೆ. ಟೋಲ್ಕೀನ್ ಕನ್ನಡ ನೋಡಿ ಮಾಡಿದ್ದಲ್ಲ. ಸಿಂಡರಿನ್‌ಗೆ ಅವರು ಮಾದರಿಯಾಗಿ ಇಟ್ಟುಕೊಂಡದ್ದು ವೆಲ್ಶ್. ಆದರೆ ಎರಡು ಪದ ಒತ್ತಿ ಕೂತಾಗ ಬಾಯಿ ಮಾಡುವ ಕೆಲಸ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ಈ ಹೆಸರುಗಳನ್ನು ಬಿಡಿಸುವುದರಲ್ಲಿ ಇಂಗ್ಲಿಷ್ ಓದುಗರಿಗಿಂತ ನಮಗೆ ಒಂದು ಕೈ ಮೇಲು ಅನ್ನುವುದು ನನ್ನ ಅಭಿಪ್ರಾಯ. ಸಂಧಿ ಬಿಡಿಸಿ ಅಭ್ಯಾಸವಿದೆಯಲ್ಲ.

ಅಂದಹಾಗೆ, ಇವನ ಹೆಸರನ್ನು ಸೆಲೆಬ್ರಿಂಬೋರ್ ಅಂತ ಬರೆಯುವುದು ತಪ್ಪು. ಎಲ್ವಿಶ್ ಹೆಸರಿನಲ್ಲಿ ಇಂಗ್ಲಿಷಿನ ಸಿ ಅಕ್ಷರ ಎಲ್ಲಿ ಬಂದರೂ ಅದು ಕ. ಗಲಾದ್ರಿಯೆಲ್‌ಳ ಗಂಡನೂ ಕೆಲೆಬೋರ್ನ್, ಸೆಲೆಬೋರ್ನ್ ಅಲ್ಲ.

ಕ್ವೆನ್ಯಾ ಮತ್ತು ಸಿಂಡರಿನ್ ಅಕ್ಕತಂಗಿಯರು, ಒಂದೇ ಹಳೆಯ ಭಾಷೆಯಿಂದ ಕವಲೊಡೆದವು. ಮುಷ್ಟಿಗೆ ಅಲ್ಲಿ ‘ಕ್ವಾರೆ’, ಇಲ್ಲಿ ‘ಪೌರ್’. ಮಾತು ಅನ್ನುವುದಕ್ಕೆ ಅಲ್ಲಿ ‘ಕ್ವೆತ್ತ’, ಇಲ್ಲಿ ‘ಪೆಥ್’. ಅಲ್ಲಿಯ ಕ್ವ ಇಲ್ಲಿ ಪ. ಐದಕ್ಕೆ ಲ್ಯಾಟಿನ್‌ನಲ್ಲಿ ‘ಕ್ವಿಂಕ್ವೆ’, ವೆಲ್ಶ್‌ನಲ್ಲಿ ‘ಪಿಂಪ್’ ಅನ್ನುವುದು ನೆನಪಾದರೆ ಅವರು ಈ ನಿಯಮ ಎಲ್ಲಿಂದ ತಂದರು ಅಂತ ಗೊತ್ತಾಗುತ್ತದೆ. ಪದ ಕದಿಯಲಿಲ್ಲ, ಪದ ಬದಲಾಗುವ ರೀತಿಯನ್ನು ತಂದರು. ಇಂಥ ನಿಯಮ ಇರುವುದರಿಂದಲೇ ಈ ಹೆಸರುಗಳ ಅರ್ಥದಲ್ಲಿ ಸರಿ, ತಪ್ಪು ಅನ್ನುವುದಕ್ಕೆ ಜಾಗವಿದೆ.

ಆದರೆ ಆ ಪುಸ್ತಕದ ಎಲ್ಲ ಹೆಸರೂ ಎಲ್ವಿಶ್ ಅಲ್ಲ. ಪಟ್ಟಿಗಳು ಜಾಸ್ತಿ ಎಡವುವುದೇ ಇಲ್ಲಿ. ಕಥೆಯ ಮಾಂತ್ರಿಕ ಗ್ಯಾಂಡಾಲ್ಫ್‌ನದು ಹಳೆಯ ನಾರ್ಸ್ ಹೆಸರು, ಅಂದರೆ ಉತ್ತರ ಯುರೋಪಿನ ಹಳೆಯ ಭಾಷೆಯದು. ‘ವೊಲುಸ್ಪಾ’ ಅನ್ನುವ ಹಳೆಯ ಕಾವ್ಯದಲ್ಲಿ ಕುಳ್ಳರ (ಡ್ವಾರ್ಫ್ ಜನಾಂಗದವರ) ಹೆಸರುಗಳ ಒಂದು ಸಾಲು ಇದೆ. ಥೋರಿನ್, ದ್ವಾಲಿನ್, ಬೊಂಬೂರ್ ಎಲ್ಲ ಅಲ್ಲಿಯವರೇ. ಅದೇ ಸಾಲಿನಲ್ಲಿ ‘ಗಂಡಾಲ್ವ್ರ್’ ಕೂಡ ಇದ್ದಾನೆ, ಮಂತ್ರದ ಕೋಲಿನ ಎಲ್ಫ್ ಅಂತ. ಎಲ್ಫ್‌ಗಳು ಗ್ಯಾಂಡಾಲ್ಫ್‌ನನ್ನು ಕರೆಯುವುದು ಮಿಥ್ರಂದಿರ್ ಅಂತ, ಬೂದು ಬಣ್ಣದ ಅಲೆಮಾರಿ. ಕುಳ್ಳರು ಕರೆಯುವುದು ಥರ್ಕೂನ್ ಅಂತ. ಆ ಕುಳ್ಳರ ನಿಜವಾದ ಹೆಸರುಗಳು ಮಾತ್ರ ಯಾರಿಗೂ ಗೊತ್ತಿಲ್ಲ. ಹೊರಗಿನವರಿಗೆ ಹೇಳುವುದಿಲ್ಲ, ಗೋರಿಯ ಮೇಲೂ ಕೆತ್ತುವುದಿಲ್ಲ. ನಾವು ಓದುವುದೆಲ್ಲ ಹೊರಗಿನವರ ಜೊತೆ ವ್ಯವಹಾರಕ್ಕೆ ಇಟ್ಟುಕೊಂಡ ಹೆಸರು.

ಹಾಬಿಟ್‌ಗಳದ್ದು ಇನ್ನೂ ತಮಾಷೆ. ಇವರು ಕಥೆಯ ಗಿಡ್ಡ ಜನ. ಮೂಲ ಗ್ರಂಥ ಬೇರೆ ಭಾಷೆಯದು, ನಾನು ಬರೀ ಅನುವಾದಕ ಅಂತ ಟೋಲ್ಕೀನ್ ನಟಿಸುತ್ತಾರೆ. ಪುಸ್ತಕದ ಕೊನೆಯ ಅನುಬಂಧದಲ್ಲಿ ಹೇಳುವ ಪ್ರಕಾರ ಸ್ಯಾಮ್‌ನ ನಿಜವಾದ ಹೆಸರು ಬನಜೀರ್. ಅರ್ಧ ಬುದ್ಧಿಯವನು ಅಂತ ಅರ್ಥ. ಅದಕ್ಕೆ ಸರಿಯಾಗಿ ಹಳೆಯ ಇಂಗ್ಲಿಷಿನ ‘ಸಾಮ್‌ವೀಸ್’ ಹುಡುಕಿ ಸ್ಯಾಮ್‌ವೈಸ್ ಅಂತ ಇಟ್ಟರು. ಅವರಲ್ಲಿ ಅ-ಕಾರದಲ್ಲಿ ಮುಗಿದರೆ ಅದು ಗಂಡಸರ ಹೆಸರಂತೆ. ಇಂಗ್ಲಿಷ್ ಕಿವಿಗೆ ಅದು ಹೆಂಗಸರ ಹೆಸರು ಅನಿಸುತ್ತದೆ ಅಂತ ಒ-ಕಾರ ಮಾಡಿದರಂತೆ. ಕನ್ನಡದಲ್ಲಿ ಬರೆದಿದ್ದರೆ ಆ ತೊಂದರೆ ಇರುತ್ತಿರಲಿಲ್ಲ!

ಅದೇ ಅನುಬಂಧದಲ್ಲಿ ಒಂದು ನದಿಯ ಹೆಸರಿದೆ. ನನಗೆ ಅದು ತುಂಬಾ ಇಷ್ಟ. ಎಲ್ಫ್‌ಗಳು ಅದನ್ನು ಬರಂದುಯಿನ್ ಅಂದರು, ಹೊಂಗಂದು ಬಣ್ಣದ ನದಿ. ಹಾಬಿಟ್‌ಗಳಿಗೆ ಆ ಪದ ನಾಲಿಗೆಗೆ ಹತ್ತಲಿಲ್ಲ. ಅದನ್ನು ತಮ್ಮ ಮಾತಿಗೆ ತಿರುಗಿಸಿ ‘ಬ್ರಂಡ-ನೀನ್’ ಅಂದರು, ಗಡಿಯ ನೀರು. ಅವರ ನಾಡಿನ ಗಡಿಯಲ್ಲೇ ಹರಿಯುತ್ತಿತ್ತಲ್ಲ. ಕಾಲ ಕಳೆದಂತೆ ನೀರಿನ ಬಣ್ಣ ನೋಡಿ ತಮಾಷೆಗೆ ‘ಬ್ರಲ್ಡ-ಹೀಮ್’ ಅಂದರು, ಅಮಲೇರಿಸುವ ಮದ್ಯ. ಅದರ ‘ಅನುವಾದ’ವೇ ಬ್ರಾಂಡಿವೈನ್. ಒಂದೇ ನದಿಗೆ ಎಲ್ಫ್‌ಗಳ ಹೆಸರು, ಹಾಬಿಟ್‌ಗಳ ತಪ್ಪು ಹೆಸರು, ಆ ತಪ್ಪಿನ ಮೇಲೆ ಒಂದು ತಮಾಷೆ. ಎರಡು ಜನಾಂಗ ಅಕ್ಕಪಕ್ಕ ಬಾಳಿದವು ಅಂತ ಹೇಳಲು ಬೇರೆ ಅಧ್ಯಾಯ ಬೇಕಿಲ್ಲ.

ಹಾಗಾದರೆ ಟೋಲ್ಕೀನ್ ಮೊದಲು ಭಾಷೆ ಕಟ್ಟಿ ಆಮೇಲೆ ಹೆಸರು ತೆಗೆದರಾ? ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ಅದು ಅರ್ಧ ನಿಜ. ಕಥೆಗಿಂತ ಭಾಷೆ ಮೊದಲು, ಭಾಷೆಗಳಿಗೆ ಒಂದು ಲೋಕ ಬೇಕು ಅಂತಲೇ ಕಥೆ ಹುಟ್ಟಿತು ಅಂತ ಅವರು 1955ರಲ್ಲಿ ಬರೆದಿದ್ದಾರೆ. ಆದರೆ ತನಗೆ ಮೊದಲು ಹೊಳೆಯುವುದು ಹೆಸರು, ಆಮೇಲೆ ಕಥೆ ಅಂತಲೂ ಅಲ್ಲೇ ಇದೆ. ಎಯರೆಂದಿಲ್ ಹೆಸರನ್ನೇ ತಗೊಳ್ಳಿ. ಹಳೆಯ ಇಂಗ್ಲಿಷಿನ ‘ಕ್ರಿಸ್ಟ್’ ಕಾವ್ಯದಲ್ಲಿ ‘ಎಯರೆಂದೆಲ್’ ಅನ್ನುವ ಪದ ಬರುತ್ತದೆ. ಬೆಳಗಿನ ನಕ್ಷತ್ರ ಅಂತ ಅದನ್ನು ಅರ್ಥ ಮಾಡುತ್ತಾರೆ. ಆ ಸದ್ದಿಗೆ ಮನಸೋತು ಟೋಲ್ಕೀನ್ 1914ರಲ್ಲಿ ಒಂದು ಪದ್ಯ ಬರೆದರು. ಆಗ ಮಧ್ಯಭೂಮಿ ಅನ್ನುವ ಲೋಕವೇ ಇರಲಿಲ್ಲ. ಮುಂದೆ ಈ ಹೆಸರನ್ನು ಎಲ್ವಿಶ್‌ಗೆ ಹೊಂದಿಸಲು ಅದನ್ನು ಒಡೆದು ಎರಡು ಬೇರು ಮಾಡಿದರು. ಒಂದು ಕಡಲಿಗೆ, ಇನ್ನೊಂದು ‘ಪ್ರೀತಿಸುವ’ ಅನ್ನುವುದಕ್ಕೆ. ಎಯರೆಂದಿಲ್ ಈಗ ಕಡಲಪ್ರಿಯ. ಆ ‘-ದಿಲ್’ ಮುಂದೆ ಊರೆಲ್ಲ ಓಡಾಡಿತು: ಎಲೆಂದಿಲ್ ನಕ್ಷತ್ರಪ್ರಿಯ, ಅನರ್ದಿಲ್ ಸೂರ್ಯಪ್ರಿಯ. ಕಥೆಯಲ್ಲಿ ಎಯರೆಂದಿಲ್ ಕಡಲ ಯಾತ್ರಿಕ. ಕೊನೆಗೆ ಹಣೆಯ ಮೇಲೆ ಹೊಳೆಯುವ ರತ್ನ ಕಟ್ಟಿಕೊಂಡು ಆಕಾಶದಲ್ಲಿ ಹಡಗು ನಡೆಸುತ್ತಾನೆ, ಭೂಮಿಯವರಿಗೆ ನಕ್ಷತ್ರವಾಗಿ ಕಾಣುತ್ತಾನೆ. ಹೊರಗಿನ ಮೂಲದ ಅರ್ಥ ಹೆಸರಿನಿಂದ ಹೋಯಿತು, ಕಥೆಯಲ್ಲಿ ಉಳಿಯಿತು.

ಬೇರೆ ಕೃತಿಗಳಿಗೆ ಬಂದರೆ ಹೆಸರು ಮೊದಲು, ಭಾಷೆ ಆಮೇಲೆ ಅನ್ನುವುದೇ ಹೆಚ್ಚು. ‘ಸ್ಟಾರ್ ಟ್ರೆಕ್’ನಲ್ಲಿ ಕ್ಲಿಂಗಾನ್ ಜನ ಕಾಣಿಸಿಕೊಂಡದ್ದು 1967ರಲ್ಲಿ. ಅವರಿಗೆ ಪೂರ್ತಿ ಭಾಷೆ ಸಿಕ್ಕಿದ್ದು 1984ರ ಸಿನಿಮಾಕ್ಕೆ ಮಾರ್ಕ್ ಓಕ್ರಾಂಡ್ ಕಟ್ಟಿಕೊಟ್ಟಾಗ. ಜಾರ್ಜ್ ಮಾರ್ಟಿನ್ ಅವರ ಕಾದಂಬರಿಗಳಲ್ಲಿ ದೋಥ್ರಾಕಿ, ವಲೀರಿಯನ್ ಹೆಸರುಗಳು, ಬೆರಳೆಣಿಕೆಯ ಮಾತುಗಳು ಇದ್ದವು, ವ್ಯಾಕರಣ ಇರಲಿಲ್ಲ. ಅವುಗಳಿಂದ ಮಾಡಿದ ‘ಗೇಮ್ ಆಫ್ ಥ್ರೋನ್ಸ್’ ಟಿವಿ ಸರಣಿಗೆ ಬೇಕಾದಾಗ ಡೇವಿಡ್ ಪೀಟರ್ಸನ್ ಆ ಚೂರುಗಳಿಂದಲೇ ಭಾಷೆ ಕಟ್ಟಿದರು. ಕಾದಂಬರಿಯಲ್ಲಿ ‘ವಲಾರ್ ಮೊರ್ಘುಲಿಸ್’ ಅಂತ ಒಂದು ಮಾತಿದೆ, ಮನುಷ್ಯರೆಲ್ಲ ಸಾಯಲೇಬೇಕು ಅಂತ. ಪೀಟರ್ಸನ್ ಆ ‘ಎಲ್ಲ’ವನ್ನು ಹಿಡಿದುಕೊಂಡರು. ‘ವಲ’ ಒಬ್ಬ ಮನುಷ್ಯ, ‘ವಲಿ’ ಮನುಷ್ಯರು, ‘ವಲುನ್’ ಕೆಲವೇ ಮನುಷ್ಯರು, ‘ವಲಾರ್’ ಮನುಷ್ಯಕುಲವೆಲ್ಲ. ಒಂದು ಮಾತನ್ನು ಸಮರ್ಥಿಸಲು ಹೋಗಿ ನಾಲ್ಕು ವಚನಗಳ ಭಾಷೆ ಹುಟ್ಟಿತು.

ಪಟ್ಟಿಗಳ ಬಗ್ಗೆ ಎಚ್ಚರ ಯಾಕೆ ಬೇಕು ಅನ್ನುವುದಕ್ಕೂ ಇದೇ ಪದ ಸಾಕ್ಷಿ. ಕ್ವೆನ್ಯಾದಲ್ಲೂ ‘ವಲ’, ‘ವಲಾರ್’ ಇವೆ. ಅಲ್ಲಿ ಅವು ಲೋಕವನ್ನು ಕಾಯುವ ಶಕ್ತಿಗಳು, ದೇವತೆಗಳಿಗೆ ಸಮ. ಒಂದು ಕಡೆ ಸಾಯುವ ಮನುಷ್ಯರು, ಇನ್ನೊಂದು ಕಡೆ ಸಾವಿಲ್ಲದವರು. ‘ಫ್ಯಾಂಟಸಿ ಹೆಸರುಗಳು ಮತ್ತು ಅರ್ಥ’ ಅಂತ ಎಲ್ಲವನ್ನೂ ಒಂದೇ ಕಡೆ ಸುರಿದ ಪಟ್ಟಿ ಸಿಕ್ಕರೆ, ಯಾವ ಭಾಷೆ ಅಂತ ಬರೆದಿಲ್ಲದಿದ್ದರೆ, ಅದನ್ನು ನಂಬಬೇಡಿ.

ಹಿಂದೆ ಭಾಷೆಯೇ ಇಲ್ಲದ ಹೆಸರುಗಳಿಗೆ ಒಳಗಿನ ಅರ್ಥ ಹುಡುಕಿ ಪ್ರಯೋಜನವಿಲ್ಲ. ನಾರ್ನಿಯಾದ ಸಿಂಹ ಅಸ್ಲಾನ್‌ನ ಹೆಸರು ತುರ್ಕಿ ಭಾಷೆಯಲ್ಲಿ ಸಿಂಹ, ಅಷ್ಟೇ. ಇನ್ನೊಂದು ಫ್ಯಾಂಟಸಿ ಕಾದಂಬರಿಯ ನಾಯಕ ಎರಗಾನ್‌ನ ಹೆಸರು ಎಂದರೆ ಡ್ರ್ಯಾಗನ್ ಪದದ ಮೊದಲ ಇಂಗ್ಲಿಷ್ ಅಕ್ಷರ ಬದಲಿಸಿದ್ದು. ಅರ್ಥ್‌ಸೀ ಕಥೆಗಳನ್ನು ಬರೆದ ಅರ್ಸುಲಾ ಲೆ ಗ್ವಿನ್ ಹೆಸರುಗಳನ್ನು ಕಟ್ಟುತ್ತಿರಲಿಲ್ಲ, ಕಿವಿಗೊಟ್ಟು ಕಾಯುತ್ತಿದ್ದರು. ಆ ಲೋಕದಲ್ಲಿ ನಿಜವಾದ ಹೆಸರು ಗೊತ್ತಾದರೆ ಆ ವಸ್ತು ನಿಮ್ಮ ಹಿಡಿತಕ್ಕೆ ಬರುತ್ತದೆ. ಕಲ್ಲಿಗೆ ‘ಟೋಲ್ಕ್’ ಅಂತ ಒಂದು ಪದ ಕೊಡುತ್ತಾರೆ, ಅಂಥವು ಇನ್ನೂ ಕೆಲವು ಸಿಗುತ್ತವೆ, ವ್ಯಾಕರಣ ಕೊಡುವುದಿಲ್ಲ. ಆದರೂ ಆ ಹೆಸರುಗಳು ಒಂದೇ ಊರಿನವು ಅನಿಸುತ್ತವೆ. ಭಾಷೆ ಕಟ್ಟಲೇಬೇಕು ಅಂತೇನಿಲ್ಲ, ಕಿವಿ ಮಾತ್ರ ಚುರುಕಾಗಿರಬೇಕು.

ಈಗ ನಿಮ್ಮ ಹೆಸರು. ಇದಂತೂ ಸೊಗಸಾಗಿ ಕೂತಿದೆ. ‘ನಿಮ್ಮ ಹೆಸರು ಎಲ್ವಿಶ್‌ನಲ್ಲಿ’ ಅನ್ನುವ ಆಟಗಳು ಅಕ್ಷರಕ್ಕೆ ಅಕ್ಷರ ಜೋಡಿಸಿ ಏನೋ ಒಂದು ಕೊಡುತ್ತವೆ. ಅದನ್ನು ಬಿಟ್ಟುಬಿಡಿ. ಎರಡು ದಾರಿ ಇದೆ. ಸದ್ದು ಉಳಿಸಿಕೊಳ್ಳುವುದಾದರೆ ಏನೂ ಬದಲಿಸುವುದು ಬೇಡ. ‘ತಾರ’ ಕ್ವೆನ್ಯಾದಲ್ಲಿ ಆಗಲೇ ಇರುವ ಪದ, ಎತ್ತರದ ಅಂತ ಅರ್ಥ. ರಾಣಿ ಅನ್ನುವ ‘ತಾರಿ’ ಕೂಡ ಅದೇ ಬೇರಿನದು. ಅರ್ಥ ಉಳಿಸಿಕೊಳ್ಳುವುದಾದರೆ ನಕ್ಷತ್ರಕ್ಕೆ ‘ಎಲೆನ್’. ಬರೀ ಎಲೆನ್ ಬೇಡ ಅನಿಸಿದರೆ ಎಲೆನ್ವೆ ಅಂತ ಹೆಸರು ಇದೆ, ಆದರೆ ಕಥೆಯಲ್ಲಿ ಆಕೆ ಹಿಮದ ಹಾದಿಯಲ್ಲಿ ಸತ್ತುಹೋಗುತ್ತಾಳೆ. ಇಷ್ಟವಿಲ್ಲದಿದ್ದರೆ ಬಿಡಿ. ಎರಡೂ ಬೇಕು ಅಂದರೆ ‘ಎಲೆಂತಾರಿ’ ಇದೆ, ನಕ್ಷತ್ರಗಳ ರಾಣಿ. ಅದು ನಕ್ಷತ್ರಗಳನ್ನು ಹಚ್ಚಿದ ದೇವತೆಯ ಬಿರುದು. ಸ್ವಲ್ಪ ಜಾಸ್ತಿಯಾಗಬಹುದು.

ನಿಮ್ಮ ಕಥೆಗೆ ಬರೋಣ. ಅರ್ಥದಿಂದ ಶುರು ಮಾಡಬೇಡಿ, ಸದ್ದಿನಿಂದ ಮಾಡಿ. ಆ ಜನರ ಬಾಯಲ್ಲಿ ಯಾವ ಸದ್ದು ಇಲ್ಲ ಅಂತ ಮೊದಲು ತೀರ್ಮಾನಿಸಿ. ಕನ್ನಡದಲ್ಲಿ ಬರೆಯುವಾಗ ಮಹಾಪ್ರಾಣ ಬಂದ ಕೂಡಲೇ ಹೆಸರು ಪುರಾಣದ್ದು ಅನಿಸುತ್ತದೆ. ಬೇಡವಾದರೆ ಅವನ್ನು ಪೂರ್ತಿ ತೆಗೆದುಬಿಡಿ. ಳ, ಣ ತೆಗೆದರೆ ದೂರದ ನಾಡಿನ ಗಾಳಿ ಬರುತ್ತದೆ. ಆಮೇಲೆ ಹತ್ತಿಪ್ಪತ್ತು ಬೇರು ಸಾಕು. ಒಂದು ಮಾಡಿ ತೋರಿಸುತ್ತೇನೆ. ‘ಸುಲ್’ ನದಿ, ‘ಕೆತ್’ ಕಲ್ಲು, ‘ಇರ’ ನಾಡು ಅಂದುಕೊಳ್ಳಿ. ಪದ ಸೇರುವಾಗ ಕ, ತ, ಪ ಮೆತ್ತಗಾಗಿ ಗ, ದ, ಬ ಆಗಲಿ. ಕಲ್ಲಿನ ನಾಡು ಕೆದಿರ. ನದಿ ದಂಡೆಯ ಕಲ್ಲಿನ ಕೋಟೆ ಸುಲ್ಗೆತ್. ಸಂತೆಗೆ ಬರುವ ಹೊರಗಿನವರು ಕೊನೆಯ ತ್ ನುಂಗಿ ‘ಸುಲ್ಗೆ’ ಅಂದಾರು, ಅವರ ಮಕ್ಕಳು ‘ಸುಗ್ಗೆ’ ಅಂದಾರು. ಹೀಗೆ ಒಂದು ಕೋಟೆಗೆ ಮೂರು ಹೆಸರು ಬಂತು, ಯಾರು ಯಾವ ಹೆಸರು ಹೇಳುತ್ತಾರೆ ಅನ್ನುವುದರಲ್ಲೇ ಅವರು ಎಲ್ಲಿಯವರು ಅಂತ ಗೊತ್ತಾಗುತ್ತದೆ.

ಇಲ್ಲೇ ಒಂದು ಗುಂಡಿಯೂ ಇದೆ, ನೋಡಿದಿರಾ? ಸುಗ್ಗೆ ಅಂದರೆ ಕನ್ನಡ ಓದುಗರಿಗೆ ಸುಗ್ಗಿ ಕೇಳಿಸುತ್ತದೆ. ಬೇಡವಾದರೆ ಸವೆತವನ್ನು ಸುಲ್ಗೆಯಲ್ಲೇ ನಿಲ್ಲಿಸಿ. ಆದರೆ ಕೆತ್ ಅಂದಾಗ ಕೆತ್ತುವುದು ನೆನಪಾಗುತ್ತದಲ್ಲ, ಅದು ಇರಲಿ. ಅರ್ಥ ಹೇಳದೆಯೂ ಓದುಗರು ಕಲ್ಲಿನ ಹತ್ತಿರ ಬಂದಿರುತ್ತಾರೆ. ಪ್ರತಿ ಹೆಸರನ್ನೂ ಗಟ್ಟಿಯಾಗಿ ಹೇಳಿ ನೋಡಿ. ಎರಡು ಮುಖ್ಯ ಪಾತ್ರಗಳ ಹೆಸರು ಒಂದೇ ಅಕ್ಷರದಿಂದ ಶುರುವಾಗದಂತೆ ನೋಡಿಕೊಳ್ಳಿ. ಸೌರಾನ್, ಸಾರುಮಾನ್ ಇಬ್ಬರನ್ನೂ ಗೊಂದಲ ಮಾಡಿಕೊಂಡ ಓದುಗರು ಎಷ್ಟು ಜನ! ಬೇರುಗಳ ಪಟ್ಟಿಯನ್ನು ಒಂದು ನೋಟ್‌ಬುಕ್ಕಿನಲ್ಲಿ ಇಡಿ, ಕಥೆಯೊಳಗೆ ಸುರಿಯಬೇಡಿ. ಯಾವುದಾದರೂ ಪಾತ್ರಕ್ಕೆ ಆ ಹೆಸರಿನ ಅರ್ಥ ತಿಳಿಯಲೇಬೇಕಾದ ಸಂದರ್ಭ ಬಂದರೆ ಅಲ್ಲಿ ಮಾತ್ರ ಬಿಡಿಸಿ ಹೇಳಿ. ಅದೂ ಆ ಪಾತ್ರ ತಪ್ಪು ತಿಳಿದುಕೊಂಡಿದ್ದರೆ ಇನ್ನೂ ಒಳ್ಳೆಯದು.